ಕೆಲಸ ತಿದ್ದುವವರು ಇರುವ ಕಡೆ ಇಂಟರ್ನ್‌ಶಿಪ್ ಹುಡುಕಿ

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯುತ್ತಿದ್ದಂತೆ ಮುಂಬಯಿ, ಪುಣೆ, ಗೋವಾದಲ್ಲಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು: ‘ಎಲ್ಲಾದರೂ ಒಂದು ಇಂಟರ್ನ್‌ಶಿಪ್ ಸಿಕ್ಕಿದ್ದರೆ ಸಾಕಿತ್ತು.’ ಡೊಂಬಿವಲಿಯ ಬಿ.ಕಾಂ. ಹುಡುಗಿಯಾಗಲಿ, ಜತ್ತ–ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯಲ್ಲಿ ಓದಿ ಪುಣೆಗೆ ಬಂದ ಬಿ.ಎಸ್ಸಿ. ಹುಡುಗನಾಗಲಿ, ವಾಸ್ಕೋದಲ್ಲಿ ಬೆಳೆದ ಇಂಜಿನಿಯರಿಂಗ್ ವಿದ್ಯಾರ್ಥಿಯಾಗಲಿ, ಏಪ್ರಿಲ್‌ನಲ್ಲಿ ಹುಡುಕಲು ಹೊರಟರೆ ಒಳ್ಳೆಯ ಜಾಗಗಳ ಅರ್ಜಿ ಮುಗಿದು ತಿಂಗಳುಗಳೇ ಆಗಿರುತ್ತವೆ. ಆಮೇಲೆ ಸಿಗುವವು ಬಹುತೇಕ ಸರ್ಟಿಫಿಕೇಟಿಗಾಗಿಯೇ ಇರುವ ಜಾಗಗಳು.

ಜಾಗ ಆರಿಸುವಾಗ ಮೊದಲು ಕೇಳಬೇಕಾದದ್ದು ಇಷ್ಟು: ನಾನು ಮಾಡಿದ ಕೆಲಸವನ್ನು ವಾರಕ್ಕೊಮ್ಮೆಯಾದರೂ ಯಾರು ಕೂತು ನೋಡುತ್ತಾರೆ, ಎಲ್ಲಿ ತಪ್ಪಿದೆ ಎಂದು ಯಾರು ಹೇಳುತ್ತಾರೆ? ಆ ವ್ಯಕ್ತಿಯ ಹೆಸರು ಗೊತ್ತಿಲ್ಲದ ಇಂಟರ್ನ್‌ಶಿಪ್‌ಗೆ ಹೂಂ ಎನ್ನಬೇಡಿ. ಕಂಪನಿ ಎಷ್ಟೇ ದೊಡ್ಡದಿರಲಿ, ತಿದ್ದುವವರಿಲ್ಲದಿದ್ದರೆ ಎರಡು ತಿಂಗಳು ಫೋಟೋಕಾಪಿ ಮತ್ತು ಡೇಟಾ ಎಂಟ್ರಿಯಲ್ಲಿ ಕಳೆದುಹೋಗುತ್ತದೆ. ಮೂರೇ ಜನರ ಆಫೀಸಾದರೂ ಸರಿ, ನಿಮ್ಮ ಎಕ್ಸೆಲ್ ಶೀಟ್ ತೆರೆದು ‘ಈ ಸಾಲು ಯಾಕೆ ಹೀಗೆ?’ ಎಂದು ಕೇಳುವ ಒಬ್ಬ ಹಿರಿಯರಿದ್ದರೆ ಕೈ ಪಳಗುತ್ತದೆ. ಮುಂದೆ ಹೇಳುವುದನ್ನೆಲ್ಲ ನಾನು ಈ ಒಂದು ಅಳತೆಯಿಂದಲೇ ನೋಡುತ್ತೇನೆ.

ಮೊದಲು ಕಾಲದ ಲೆಕ್ಕ. ಬೇಸಿಗೆಯ ಇಂಟರ್ನ್‌ಶಿಪ್‌ಗೆ ತಯಾರಿ ಗಣೇಶ ಚತುರ್ಥಿ ಮುಗಿಯುತ್ತಿದ್ದಂತೆ ಶುರುವಾಗಬೇಕು. ಬೆಂಗಳೂರು, ದೆಹಲಿ, ಪ್ರಯಾಗರಾಜ್‌ಗಳ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಅರ್ಜಿ ಹಾಕಬೇಕು. ಎರಡು ತಿಂಗಳ ಕೆಲಸ, ದೇಶದ ಯಾವ ಪ್ರಯೋಗಾಲಯವಾದರೂ ಸಿಗಬಹುದು. ಅರ್ಜಿಯ ಜೊತೆ ಏನು ಕಲಿಯಬೇಕೆಂದಿದ್ದೀರಿ ಎಂಬ ಪುಟ್ಟ ಬರಹ ಮತ್ತು ಒಬ್ಬ ಅಧ್ಯಾಪಕರ ಶಿಫಾರಸು ಬೇಕು. ಅರ್ಜಿ ಅಪೂರ್ಣವಾಗಿ ಬೀಳುವುದು ಹೆಚ್ಚಾಗಿ ಈ ಶಿಫಾರಸಿನಿಂದಲೇ. ವಿದ್ಯಾರ್ಥಿ ಕೊನೆಯ ದಿನ ಫಾರಂ ತುಂಬುತ್ತಾನೆ, ಮೇಷ್ಟರು ಅಂದು ಇಮೇಲ್ ನೋಡಿರುವುದಿಲ್ಲ. ಅವರಿಗೆ ಮೂರು ವಾರ ಮೊದಲೇ ಹೇಳಿ, ವಾರಕ್ಕೊಮ್ಮೆ ವಿನಯದಿಂದ ನೆನಪಿಸಿ.

ಮುಂಬಯಿಯಲ್ಲಿ ಕೇಂದ್ರ ಕಚೇರಿ ಇರುವ ರಿಸರ್ವ್ ಬ್ಯಾಂಕ್ ತನ್ನ ಬೇಸಿಗೆ ಇಂಟರ್ನ್‌ಶಿಪ್‌ಗೆ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಅರ್ಜಿ ತೆಗೆದುಕೊಳ್ಳುತ್ತದೆ. ಅರ್ಥಶಾಸ್ತ್ರ, ವಾಣಿಜ್ಯ, ಸಂಖ್ಯಾಶಾಸ್ತ್ರ, ಕಾನೂನು, ಮ್ಯಾನೇಜ್‌ಮೆಂಟ್ ಮುಂತಾದ ವಿಷಯಗಳಲ್ಲಿ ಸ್ನಾತಕೋತ್ತರ ಓದುವವರು, ಐದು ವರ್ಷದ ಸಂಯೋಜಿತ ಕೋರ್ಸಿನವರು, ಕೋರ್ಸಿನ ಕೊನೆಯ ವರ್ಷದ ಹಿಂದಿನ ವರ್ಷದಲ್ಲಿ ಇರುವಾಗ ಹಾಕಬಹುದು. ದೇಶದಾದ್ಯಂತ ಗರಿಷ್ಠ 125 ಮಂದಿ, ತಿಂಗಳಿಗೆ 20,000 ರೂಪಾಯಿ ಸ್ಟೈಪೆಂಡ್, ಏಪ್ರಿಲ್‌ನಿಂದ ಜುಲೈ ನಡುವೆ ಕೆಲಸ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬೇಸಿಗೆ ಸಂಶೋಧನಾ ಕಾರ್ಯಕ್ರಮ ವಿಎಸ್‌ಆರ್‌ಪಿ, ಪುಣೆಯ ಖಗೋಳ ವಿಜ್ಞಾನ ಕೇಂದ್ರ ಆಯುಕಾದ ಬೇಸಿಗೆ ವಿದ್ಯಾರ್ಥಿ ಕಾರ್ಯಕ್ರಮ, ಇವುಗಳ ಪ್ರಕಟಣೆ ಹೊಸ ವರ್ಷದ ಆಸುಪಾಸಿನಲ್ಲಿ ಬರುತ್ತದೆ. ತಾರೀಖು ವರ್ಷವರ್ಷಕ್ಕೂ ಹಿಂದೆ ಮುಂದೆ ಆಗುವುದರಿಂದ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಹಳೆಯ ಪಿಡಿಎಫ್ ನಂಬಬೇಡಿ, ಸಂಸ್ಥೆಯ ಜಾಲತಾಣವನ್ನೇ ನೋಡಿ.

ವಿಜ್ಞಾನ ಓದುವವರಿಗೆ ಮುಂಬಯಿ, ಪುಣೆ, ಗೋವಾಗಳಷ್ಟು ಅನುಕೂಲ ದೇಶದಲ್ಲಿ ಕಡಿಮೆ ಕಡೆ ಇದೆ. ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಪದವಿಯ ಆರಂಭದ ವರ್ಷಗಳಲ್ಲಿ ಇರುವವರಿಗಾಗಿ ಎನ್‌ಐಯುಎಸ್ ಶಿಬಿರಗಳಿವೆ. ಮೊದಲ ವರ್ಷದಲ್ಲೇ ನೋಡಿದರೆ ಲಾಭ. ಪುಣೆಯ ಪಾಷಾಣದಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್, ಉಷ್ಣವಲಯ ಹವಾಮಾನ ಸಂಸ್ಥೆ ಒಂದಕ್ಕೊಂದು ಹತ್ತಿರ ಹತ್ತಿರ ಇವೆ. ವಿಶ್ವವಿದ್ಯಾಲಯದ ಆವರಣದಲ್ಲಿ ಆಯುಕಾ ಮತ್ತು ರೇಡಿಯೋ ಖಗೋಳ ವಿಜ್ಞಾನದ ಕೇಂದ್ರ ಎನ್‌ಸಿಆರ್‌ಎ. ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ 45 ಮೀಟರಿನ 30 ಡಿಶ್ ಆಂಟೆನಾಗಳ ರೇಡಿಯೋ ದೂರದರ್ಶಕ ನಡೆಸುವುದು ಈ ಎನ್‌ಸಿಆರ್‌ಎ. ಗೋವಾದ ದೋನಾ ಪಾವಲಾದಲ್ಲಿ 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ, ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ಬಾಯ್ನಾ, ಜುವಾರಿನಗರದ ನಮ್ಮ ಮಕ್ಕಳು ದಿನಾ ಬಸ್ಸಿನಲ್ಲಿ ದಾಟಿಹೋಗುವ ಊರಿನಲ್ಲೇ ಅಂಟಾರ್ಕ್ಟಿಕಾ ಯಾತ್ರೆಗಳ ಯೋಜನೆ ನಡೆಯುತ್ತದೆ. ಬಿ.ಎಸ್ಸಿ. ಮಕ್ಕಳಿಗೆ ಇದನ್ನು ಮೊದಲ ವರ್ಷದಲ್ಲೇ ಯಾರಾದರೂ ಹೇಳಬೇಕು.

ಇಂಥ ಕಡೆ ಘೋಷಿತ ಕಾರ್ಯಕ್ರಮಗಳ ಹೊರಗೂ ಪ್ರಾಜೆಕ್ಟ್ ಸಿಗುತ್ತದೆ. ದಾರಿ ಒಂದೇ, ವಿಜ್ಞಾನಿಗೆ ನೇರ ಇಮೇಲ್. ನಲವತ್ತು ಜನರಿಗೆ ಒಟ್ಟಿಗೆ ಕಳಿಸಿದ ‘ರೆಸ್ಪೆಕ್ಟೆಡ್ ಸರ್/ಮೇಡಂ, ಐ ಆ್ಯಮ್ ಎ ಹಾರ್ಡ್‌ವರ್ಕಿಂಗ್ ಸ್ಟೂಡೆಂಟ್’ ಎಂಬ ಪತ್ರ ಓದದೆಯೇ ಹೋಗುತ್ತದೆ. ಕೆಲಸ ಮಾಡುವ ಪತ್ರ ನೂರೈವತ್ತು ಪದ ದಾಟುವುದಿಲ್ಲ. ಉದಾಹರಣೆಗೆ ಸಾಗರ ವಿಜ್ಞಾನದ ಒಬ್ಬರಿಗೆ ಬರೆಯುವುದಾದರೆ ಮೊದಲ ಸಾಲು: ಯಾವ ಕಾಲೇಜು, ಯಾವ ವರ್ಷ, ಯಾವ ವಿಷಯ. ಎರಡನೆಯದು: ‘ಮಾಂಡವಿ–ಜುವಾರಿ ಅಳಿವೆಗಳಲ್ಲಿ ಮಳೆಗಾಲದ ಉಪ್ಪಿನಂಶದ ಬಗ್ಗೆ ನಿಮ್ಮ ಪ್ರಬಂಧ ಓದಿದೆ, ಜುಲೈ ತಿಂಗಳ ಅಳತೆಗಳನ್ನು ಭರತ–ಇಳಿತಕ್ಕೆ ಹೇಗೆ ಹೊಂದಿಸಿದಿರಿ ಎಂಬುದು ನನಗೆ ಪೂರ್ತಿ ಅರ್ಥವಾಗಲಿಲ್ಲ.’ ಮೂರನೆಯದು ಕೈಯಲ್ಲಿರುವ ವಿದ್ಯೆ: ‘ಪೈಥಾನ್‌ನಲ್ಲಿ ಒಂದು ವರ್ಷದ ಮಳೆಯ ದತ್ತಾಂಶ ಶುದ್ಧಮಾಡಿ ಗ್ರಾಫ್ ತೆಗೆದಿದ್ದೇನೆ, ಕೋಡ್ ಲಗತ್ತಿಸಿದ್ದೇನೆ.’ ಕೊನೆಯದು ತಾರೀಖು: ‘ಮೇ 4ರಿಂದ ಜೂನ್ 26ರವರೆಗೆ ಎಂಟು ವಾರ, ವಸತಿ ನನ್ನದೇ, ಕಾಲೇಜಿನ ಪತ್ರ ಸಿದ್ಧವಿದೆ.’ ಒಂದು ಪುಟದ ಸಿವಿ, ಅಂಕಪಟ್ಟಿ, ಎರಡೂ ಪಿಡಿಎಫ್, ಫೈಲಿನ ಹೆಸರಲ್ಲಿ ನಿಮ್ಮ ಹೆಸರು. ಹತ್ತು ದಿನ ಉತ್ತರ ಬರದಿದ್ದರೆ ಅದೇ ಇಮೇಲ್‌ಗೆ ಎರಡು ಸಾಲಿನ ನೆನಪೋಲೆ, ಅದೂ ಒಮ್ಮೆ ಮಾತ್ರ. ಅರ್ಥವಾಗದ ಜಾಗವನ್ನು ಪ್ರಾಮಾಣಿಕವಾಗಿ ತೋರಿಸುವ ಆ ಎರಡನೇ ಸಾಲೇ ಪತ್ರದ ಜೀವ. ಪ್ರಬಂಧ ನಿಜವಾಗಿ ಓದದವರು ಅದನ್ನು ಬರೆಯಲಾರರು, ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಒಪ್ಪಿಗೆ ಬಂದ ಮೇಲೆ ಕಾಗದದ ಕೆಲಸ. ವಿಭಾಗ ಮುಖ್ಯಸ್ಥರ ಪತ್ರ, ಬೋನಫೈಡ್, ಆಧಾರ್, ಫೋಟೋ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಂಥ (ಬಿಎಆರ್‌ಸಿ) ಭದ್ರತೆಯ ಜಾಗಗಳಲ್ಲಿ ಪೊಲೀಸ್ ಪರಿಶೀಲನೆಗೇ ವಾರಗಟ್ಟಲೆ ಹಿಡಿಯುತ್ತದೆ, ಅಷ್ಟು ಮುಂಚಿತವಾಗಿ ಹೊರಡಬೇಕು. ಕೆಲವು ಸರ್ಕಾರಿ ಪ್ರಯೋಗಾಲಯಗಳು ಡಿಸರ್ಟೇಶನ್‌ಗೆ ಬರುವವರಿಂದ ಬೆಂಚ್ ಫೀ (ಪ್ರಯೋಗಾಲಯ ಬಳಸುವ ಶುಲ್ಕ) ತೆಗೆದುಕೊಳ್ಳುತ್ತವೆ. ಅದು ಪ್ರಕಟಿತ ದರ, ಸಂಸ್ಥೆಯ ಖಾತೆಗೆ ಹೋಗುತ್ತದೆ, ರಸೀದಿ ಸಿಗುತ್ತದೆ. ಇನ್‌ಸ್ಪೈರ್ ವಿದ್ಯಾರ್ಥಿವೇತನ ಪಡೆಯುವವರು ಗಮನಿಸಿ: ವರ್ಷದ 80,000 ರೂಪಾಯಿಯಲ್ಲಿ 20,000 ಬೇಸಿಗೆ ಪ್ರಾಜೆಕ್ಟಿಗೆಂದೇ ಇರುವುದು. ಮಾರ್ಗದರ್ಶಕರ ಸಹಿ ಇರುವ ವರದಿ ಮತ್ತು ಪ್ರಮಾಣಪತ್ರ ಇಲ್ಲದಿದ್ದರೆ ಆ ಹಣ ಬರುವುದಿಲ್ಲ.

ಕಾಲೇಜಿನ ಹೆಸರು ದೊಡ್ಡದಿಲ್ಲದವರಿಗೆ ನಾನು ಮೊದಲು ಹೇಳುವುದು ಐಐಟಿ ಬಾಂಬೆಯ ಫಾಸೀ ಯೋಜನೆ. ಸೈಲ್ಯಾಬ್, ಪೈಥಾನ್, ಓಪನ್‌ಫೋಮ್, ಸರ್ಕ್ಯೂಟಿಗೆ ಈಸಿಮ್, ಕೆಮಿಕಲ್ ಇಂಜಿನಿಯರಿಂಗ್‌ಗೆ ಡಿಡಬ್ಲ್ಯೂಸಿಮ್, ಇಂಥ ಮುಕ್ತ ತಂತ್ರಾಂಶಗಳ ಮೇಲೆ ಬೇಸಿಗೆ ಫೆಲೋಶಿಪ್ ಕೊಡುತ್ತಾರೆ. ಆಯ್ಕೆ ಆಗುವುದು ಸ್ಕ್ರೀನಿಂಗ್ ಟಾಸ್ಕ್‌ನಿಂದ. ಒಂದು ಕೆಲಸ ಕೊಡುತ್ತಾರೆ, ಮಾಡಿ ಸಲ್ಲಿಸಬೇಕು. ಇಲ್ಲಿ ಹಿಂದೆ ಬೀಳುವವರು ಸಾಮಾನ್ಯವಾಗಿ ಕೋಡ್ ಬರೆಯಲಾರದವರಲ್ಲ. ಸೂಚನೆ ಪೂರ್ತಿ ಓದದೆ ಫೈಲಿನ ಹೆಸರು ತಪ್ಪಿಟ್ಟವರು, ಉತ್ತರವನ್ನು ಪುಸ್ತಕದ ಉತ್ತರದೊಂದಿಗೆ ಹೋಲಿಸಿ ನೋಡದವರು, ಇನ್ನೊಬ್ಬರದನ್ನು ನಕಲು ಮಾಡಿದವರು. ಟಾಸ್ಕ್ ಮಾಡುವಾಗಲೇ ತಿದ್ದುವವರ ಕಣ್ಣು ನಿಮ್ಮ ಮೇಲೆ ಬೀಳುತ್ತದೆ. ಆಯ್ಕೆ ಆಗದಿದ್ದರೂ ಮಾಡಿದ ಕೆಲಸ ತೋರಿಸಲು ಕೈಯಲ್ಲಿ ಉಳಿಯುತ್ತದೆ.

ವಾಣಿಜ್ಯದವರ ವಿಷಯಕ್ಕೆ ಬರೋಣ. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಸಿಎ ಓದುವವರು ತುಂಬ ಜನ. 2023ರ ಜುಲೈಯಿಂದ ಜಾರಿಯಾದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಫರ್ಮ್‌ನಲ್ಲಿ ಮಾಡಲೇಬೇಕಾದ ತರಬೇತಿ) ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ಇಂಟರ್‌ನ ಎರಡೂ ಗ್ರೂಪ್ ಪಾಸಾಗಿರಬೇಕು. ತರಬೇತಿ ಮುಗಿದ ಆರು ತಿಂಗಳ ನಂತರ ಫೈನಲ್ ಬರೆಯಬಹುದು. ಅವಧಿ ಕಡಿಮೆಯಾದದ್ದರಿಂದ ಫರ್ಮ್ ಆರಿಸುವುದು ಮೊದಲಿಗಿಂತ ಮುಖ್ಯವಾಗಿದೆ, ಮೊದಲ ವರ್ಷ ವ್ಯರ್ಥವಾದರೆ ಉಳಿಯುವುದು ಒಂದೇ. ದೊಡ್ಡ ಫರ್ಮ್‌ನಲ್ಲಿ ಒಂದೇ ಕಂಪನಿಯ ಆಡಿಟ್‌ನ ಒಂದೇ ಮೂಲೆ ತಿಂಗಳುಗಟ್ಟಲೆ ಮಾಡಬೇಕಾಗಬಹುದು, ಆದರೆ ವರ್ಕಿಂಗ್ ಪೇಪರ್ ಬರೆಯುವ ಶಿಸ್ತು ಬರುತ್ತದೆ. ಘಾಟ್ಕೋಪರ್, ಠಾಣೆಯ ಮಧ್ಯಮ ಫರ್ಮ್‌ನಲ್ಲಿ ಜಿಎಸ್‌ಟಿ, ಟಿಡಿಎಸ್, ಟ್ಯಾಕ್ಸ್ ಆಡಿಟ್ ಎಲ್ಲವೂ ಕೈಗೆ ಬರುತ್ತದೆ. ಹತ್ತು–ಹದಿನೈದು ಆರ್ಟಿಕಲ್‌ಗಳು (ತರಬೇತಿಯ ವಿದ್ಯಾರ್ಥಿಗಳು) ಇರುವ, ಪ್ರಿನ್ಸಿಪಾಲ್ (ತರಬೇತಿ ಕೊಡುವ ಸಿಎ) ದಿನಾ ಆಫೀಸಿನಲ್ಲಿ ಕೂರುವ ಮಧ್ಯಮ ಫರ್ಮ್ ಮೊದಲ ವರ್ಷಕ್ಕೆ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂದರ್ಶನದಲ್ಲಿ ಅಲ್ಲಿನ ಹಿರಿಯ ಆರ್ಟಿಕಲ್ ಒಬ್ಬರ ಜೊತೆ ಮಾತಾಡಬಹುದೇ ಎಂದು ಕೇಳಿ. ಬೇಡ ಎಂದರೆ ಅದೂ ಒಂದು ಉತ್ತರವೇ.

ತಿದ್ದಿಸಿಕೊಂಡು ಕಲಿಯುವುದು ಎಂದರೆ ಏನು ಎಂದು ಒಂದು ಕೆಲಸದಲ್ಲಿ ನೋಡಿ. ಪ್ರತಿ ತಿಂಗಳು 14ನೇ ತಾರೀಖು ಜಿಎಸ್‌ಟಿಆರ್–2ಬಿ, ಅಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿ, ತಯಾರಾಗುತ್ತದೆ, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ ಹಾಕಬೇಕು. ನಡುವಿನ ಆರು ದಿನಗಳಲ್ಲಿ ಹೊಸ ಆರ್ಟಿಕಲ್‌ಗೆ ಸಿಗುವ ಕೆಲಸ ಹೋಲಿಕೆ. ಕ್ಲೈಂಟಿನ ಹಾರ್ಡ್‌ವೇರ್ ಅಂಗಡಿಯ ಖರೀದಿ ರಿಜಿಸ್ಟರ್ ಒಂದು ಕಡೆ, 2ಬಿ ಇನ್ನೊಂದು ಕಡೆ. ಮೊತ್ತ ಕೂಡಿ ‘ವ್ಯತ್ಯಾಸ ಇದೆ’ ಎಂದು ಬರೆದರೆ ಕೆಲಸ ಆಗಲಿಲ್ಲ, ಪ್ರತಿ ಬಿಲ್ಲಿನ ಮುಂದೆ ಕಾರಣ ಬೇಕು. ಸಪ್ಲೈಯರ್ 11ರ ಗಡುವು ದಾಟಿ ರಿಟರ್ನ್ ಹಾಕಿದ್ದರೆ ಬಿಲ್ಲು ಈ ತಿಂಗಳು ಕಾಣುವುದಿಲ್ಲ, ಮುಂದಿನ ತಿಂಗಳಿಗೆ ನೋಡಬೇಕು. ಸಣ್ಣ ಸಪ್ಲೈಯರ್ ಮೂರು ತಿಂಗಳಿಗೊಮ್ಮೆ ಹಾಕುವವನಾದರೆ ಅವನ ಬಿಲ್ಲುಗಳೆಲ್ಲ ಒಟ್ಟಿಗೆ ಬರಬಹುದು. ಬಿಲ್ ನಂಬರ್ ಒಂದು ಕಡೆ ‘024’, ಇನ್ನೊಂದು ಕಡೆ ‘24’ ಎಂದಿದ್ದರೆ ವಿ–ಲುಕಪ್ ಹಿಡಿಯುವುದಿಲ್ಲ. ಜಿಎಸ್‌ಟಿ ನಂಬರ್, ತಾರೀಖು, ಮೊತ್ತ ಮೂರನ್ನೂ ಸೇರಿಸಿ ಹುಡುಕಬೇಕು. ರಾಜ್ಯದೊಳಗಿನ ಖರೀದಿಗೆ, ಹೊರರಾಜ್ಯದ ವ್ಯಾಪಾರಕ್ಕಿರುವ ಐಜಿಎಸ್‌ಟಿ ಹಾಕಿದ್ದರೆ ಸಪ್ಲೈಯರ್‌ಗೆ ಫೋನ್ ಮಾಡಿ ತಿದ್ದಿಸಬೇಕು. ಮತ್ತೆ, ನಮ್ಮವರ ಹೋಟೆಲುಗಳ ಲೆಕ್ಕ ಬಂದರೆ ನೆನಪಿಡಿ: 5% ಕಟ್ಟುವ ರೆಸ್ಟೋರೆಂಟಿಗೆ ಇನ್‌ಪುಟ್ ಕ್ರೆಡಿಟ್ಟೇ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆದು ಕಟ್ಟುವ ಅವಕಾಶ) ಇಲ್ಲ. ಈ ಶೀಟನ್ನು ಹಿರಿಯರೊಬ್ಬರು ಪಕ್ಕ ಕೂತು ಎರಡು ತಿಂಗಳು ನೋಡಿದರೆ, ಮೂರನೇ ತಿಂಗಳು ವಿದ್ಯಾರ್ಥಿ ಒಬ್ಬನೇ ಮಾಡುತ್ತಾನೆ. ಯಾರೂ ನೋಡದಿದ್ದರೆ ವರ್ಷವಾದರೂ ಮೊತ್ತ ಕೂಡುತ್ತಲೇ ಇರುತ್ತಾನೆ.

ಕಾನೂನು ಓದುವವರಿಗೆ ಬಾರ್ ಕೌನ್ಸಿಲ್ ನಿಯಮವೇ ಇದೆ: ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ, ಒಂದು ವರ್ಷದಲ್ಲಿ ಸತತ ನಾಲ್ಕು ವಾರಕ್ಕಿಂತ ಹೆಚ್ಚಿಲ್ಲ. ಹೈಕೋರ್ಟ್ ವಕೀಲರ ಚೇಂಬರ್‌ಗೇ ಎಲ್ಲರೂ ಮುಗಿಬೀಳುತ್ತಾರೆ. ಆದರೆ ಸಾಕ್ಷಿ ವಿಚಾರಣೆ ಕಣ್ಣಾರೆ ಕಾಣುವುದು ಕೆಳ ನ್ಯಾಯಾಲಯದಲ್ಲಿ, ಮೊದಲ ನಾಲ್ಕು ವಾರ ಅಲ್ಲಿಗೆ ಕೊಡಿ.

ಕಂಪನಿ ಇಂಟರ್ನ್‌ಶಿಪ್‌ಗಳಲ್ಲಿ ಮೋಸ ಹೆಚ್ಚು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಸ ಶಿಕ್ಷಣ ನೀತಿಯಂತೆ ಮಹಾರಾಷ್ಟ್ರದ ಸ್ನಾತಕೋತ್ತರ ಕೋರ್ಸುಗಳಲ್ಲಿ 4 ಕ್ರೆಡಿಟ್‌ನ ಓಜೆಟಿ (ಕೆಲಸದ ಸ್ಥಳದಲ್ಲೇ ತರಬೇತಿ) ಬಂದಿದೆ. ಕ್ರೆಡಿಟ್‌ಗೆ 30 ಗಂಟೆಯಂತೆ 120 ಗಂಟೆ ಕೆಲಸ. ಎಲ್ಲರಿಗೂ ಒಮ್ಮೆಲೇ ಬೇಕಾದದ್ದರಿಂದ ಸರ್ಟಿಫಿಕೇಟ್ ಮಾರುವ ಅಂಗಡಿಗಳೂ ಹುಟ್ಟಿಕೊಂಡಿವೆ. ‘ನೋಂದಣಿ ಶುಲ್ಕ’, ‘ತರಬೇತಿ ಶುಲ್ಕ’, ‘ವಾಪಸು ಕೊಡುವ ಠೇವಣಿ’ ಎಂದು ಖಾಸಗಿ ಕಂಪನಿ ನಿಮ್ಮಿಂದ ಹಣ ಕೇಳಿತೆಂದರೆ ಅಲ್ಲಿಗೆ ಮಾತು ಮುಗಿಸಿ. ಸಂದರ್ಶನವಿಲ್ಲದೆ ಆಯ್ಕೆ, ಜಿಮೇಲ್ ವಿಳಾಸದಿಂದ ಆಫರ್ ಲೆಟರ್, ಐವತ್ತು ಜನರ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿ ‘ದಿನಾ ಇಷ್ಟು ಜನರಿಗೆ ಫಾರ್ವರ್ಡ್ ಮಾಡಿ’ ಎನ್ನುವ ಮಾರ್ಕೆಟಿಂಗ್ ಇಂಟರ್ನ್‌ಶಿಪ್, ಇವೆಲ್ಲ ಒಂದೇ ಜಾತಿ. ಮೂಲ ಅಂಕಪಟ್ಟಿಯನ್ನು ಯಾರಿಗೂ ಒಪ್ಪಿಸಬೇಡಿ.

ಆಫರ್ ಲೆಟರ್‌ನಲ್ಲಿ ಶುರು ಮತ್ತು ಕೊನೆಯ ತಾರೀಖು, ವಾರದ ಗಂಟೆ, ಸ್ಟೈಪೆಂಡ್ ಮೊತ್ತ ಮತ್ತು ಕೊಡುವ ದಿನ, ನಿಮ್ಮ ಮೇಲ್ವಿಚಾರಕರ ಹೆಸರು, ಕೆಲಸದ ಎರಡು ಸಾಲಿನ ವಿವರ ಇರಬೇಕು. ಇಲ್ಲದಿದ್ದರೆ ಇಮೇಲ್‌ನಲ್ಲಿ ಕೇಳಿ ಪಡೆಯಿರಿ, ‘ಫೋನಿನಲ್ಲಿ ಹೇಳಿದ್ದರಲ್ಲ’ ಎಂಬುದು ಆಮೇಲೆ ನಿಲ್ಲುವುದಿಲ್ಲ. ಕೊನೆಯಲ್ಲಿ ಸಿಗುವ ಸರ್ಟಿಫಿಕೇಟ್‌ನಲ್ಲಿ ಒಟ್ಟು ಗಂಟೆ ಬರೆದಿರದಿದ್ದರೆ ಕಾಲೇಜು ಕ್ರೆಡಿಟ್ ಕೊಡಲು ತಕರಾರು ಮಾಡುತ್ತದೆ. ಆದ್ದರಿಂದ ಕಾಲೇಜಿನ ನಮೂನೆಯನ್ನೇ ಮೊದಲ ವಾರ ಎಚ್‌ಆರ್ ಕೈಗೆ ಕೊಟ್ಟುಬಿಡಿ.

ಪ್ರಯಾಣದ ಒಂದು ಮಾತು. ಲೋಕಲ್ ರೈಲಿನ ವಿದ್ಯಾರ್ಥಿ ಕನ್ಸೆಷನ್ ಪಾಸ್ ಮನೆಯ ಸ್ಟೇಷನ್‌ನಿಂದ ಕಾಲೇಜಿನ ಸ್ಟೇಷನ್‌ವರೆಗೆ ಮಾತ್ರ. ಮುಲುಂಡ್ ಕಾಲೇಜಿನ ಪಾಸ್ ಹಿಡಿದು ಚರ್ಚ್‌ಗೇಟ್ ಆಫೀಸಿಗೆ ಹೋದರೆ ದಂಡ. ಪೂರ್ತಿ ದರದ ಪಾಸ್ ಲೆಕ್ಕಹಾಕಿಯೇ ಸ್ಟೈಪೆಂಡ್ ಸಾಕೇ ನೋಡಿ. ಹಡಪ್ಸರ್‌ನಿಂದ ಹಿಂಜೆವಾಡಿಗೆ ದಿನಾ ಹೋಗಿಬರುವುದು ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಗೋವಾದಲ್ಲಿ ರಾತ್ರಿಯಾದ ಮೇಲೆ ಬಸ್ಸು ಕಡಿಮೆ, ಪ್ರಯೋಗ ತಡವಾಗುವ ಕೆಲಸವಾದರೆ ದೋನಾ ಪಾವಲಾ–ತಾಳೆಗಾಂವ್ ಸುತ್ತ ಕೋಣೆ ಹಿಡಿಯುವುದೇ ವಾಸಿ.

ಪದವಿ ಮುಗಿದವರಿಗೆ ದಾರಿ ಬೇರೆ. ಡಿಗ್ರಿ, ಡಿಪ್ಲೊಮಾ ಆದವರು ಕೇಂದ್ರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಅಪ್ರೆಂಟಿಸ್ ಆಗಬಹುದು. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದಿತ್ತು, ಈಗಿನ ದರ ಪೋರ್ಟಲ್‌ನಲ್ಲೇ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ಇರುವುದರಿಂದ ಬರೀ ಇಂಟರ್ನ್‌ಶಿಪ್‌ಗಿಂತ ಇದು ಭದ್ರ, ಆದರೂ ನಮ್ಮಲ್ಲಿ ಇದನ್ನು ಕೇಳುವವರು ಕಡಿಮೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ, ಶುರುವಾದಾಗಿನ ನಿಯಮದಂತೆ, 21ರಿಂದ 24 ವಯಸ್ಸಿನ, ಪೂರ್ಣಾವಧಿ ಓದು ಅಥವಾ ಕೆಲಸದಲ್ಲಿ ಇಲ್ಲದವರಿಗೆ. ಆಗ ತಿಂಗಳಿಗೆ 5,000 ರೂಪಾಯಿ, ಒಮ್ಮೆ 6,000, ಹನ್ನೆರಡು ತಿಂಗಳು ಎಂದಿತ್ತು. ಮುಂಬಯಿಯಲ್ಲಿ ಮನೆ ಬಾಡಿಗೆ ಕೊಟ್ಟು ಇದರಲ್ಲಿ ಇರಲಾಗದು, ತಂದೆ ತಾಯಿಯ ಜೊತೆ ಇರುವವರಿಗೆ ಮಾತ್ರ ಹೊಂದುತ್ತದೆ.

ಆಡಳಿತದಲ್ಲಿ ಆಸಕ್ತಿ ಇರುವವರಿಗೆ ಮಹಾರಾಷ್ಟ್ರದ ಮುಖ್ಯಮಂತ್ರಿ ಫೆಲೋಶಿಪ್ ಇದೆ. 2025–26ರ ತಂಡಕ್ಕೆ 60 ಜನ, ವಯಸ್ಸು 21ರಿಂದ 26, ತಿಂಗಳಿಗೆ 56,100 ಮತ್ತು ಭತ್ಯೆ 5,400 ರೂಪಾಯಿ, ಜೊತೆಗೆ ಐಐಟಿ ಬಾಂಬೆಯ ಕೋರ್ಸ್. ಮರಾಠಿ ಓದಲು, ಬರೆಯಲು, ಮಾತಾಡಲು ಬರಲೇಬೇಕು. ಇಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಇದು ತೊಡಕೇ ಅಲ್ಲ, ಅನುಕೂಲ. ಸಿವಿಯಲ್ಲಿ ಭಾಷೆಗಳನ್ನು ಬಿಡಿಸಿ ಬರೆಯಿರಿ: ಕನ್ನಡ ಓದು–ಬರಹ–ಮಾತು, ಮರಾಠಿ ಓದು–ಬರಹ–ಮಾತು, ತುಳು ಮಾತು, ಕೊಂಕಣಿ ಮಾತು. ಸೊಲ್ಲಾಪುರ, ಸಾಂಗಲಿ ಗಡಿಯ ಹಳ್ಳಿಗಳಲ್ಲಿ ಸಮೀಕ್ಷೆ ಮಾಡುವ ಸಂಸ್ಥೆಗೆ ಎರಡೂ ಭಾಷೆ ಬಲ್ಲ ವಿದ್ಯಾರ್ಥಿ ಸಿಗುವುದು ಸುಲಭವಲ್ಲ. ಟೀಚ್ ಫಾರ್ ಇಂಡಿಯಾ ಶಾಲೆಯಲ್ಲಿ ಪಾಠ ಹೇಳುವ ಎರಡು ವರ್ಷದ ಫೆಲೋಶಿಪ್. 2009ರಲ್ಲಿ ಅದು ಶುರುವಾದದ್ದೇ ಮುಂಬಯಿ, ಪುಣೆಯ ತರಗತಿಗಳಲ್ಲಿ. ಸಂಶೋಧನೆಗೆ ಹೋಗುವವರ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಫೆಲೋಶಿಪ್ ಯಾವುದೇ ಇರಲಿ, ಅರ್ಜಿಯ ಪ್ರಬಂಧದಲ್ಲಿ ‘ಸಮಾಜಕ್ಕೆ ಏನಾದರೂ ಮಾಡಬೇಕು’ ಎಂದು ಬರೆಯುವ ಬದಲು ನಿಮ್ಮ ವಾರ್ಡಿನ ಒಂದು ಸಮಸ್ಯೆ ಹಿಡಿದು, ಅದಕ್ಕೆ ಯಾವ ಕಚೇರಿ ಹೊಣೆ, ಕಡತ ಎಲ್ಲಿ ನಿಲ್ಲುತ್ತದೆ ಎಂದು ಬರೆಯಿರಿ. ಆಯ್ಕೆ ಸಮಿತಿಯವರು ನೂರಾರು ಪ್ರಬಂಧ ಓದುತ್ತಾರೆ, ಕಚೇರಿಗೆ ಹೋಗಿ ಕೇಳಿ ಬಂದವರ ಬರಹ ಅವರಿಗೆ ತಿಳಿಯುತ್ತದೆ.

ಸೆಮಿನಾರ್‌ಗಳ ಬಗ್ಗೆ. ಸರ್ಟಿಫಿಕೇಟ್ ಎಣಿಸುವ ಚಟ ಬಿಟ್ಟರೆ ಇವು ತುಂಬ ಕಲಿಸುತ್ತವೆ. ಟಿಐಎಫ್‌ಆರ್‌ನವರು ಭಾನುವಾರಗಳಲ್ಲಿ ನಡೆಸುವ ವಿಜ್ಞಾನದ ಮಾತುಕತೆ ‘ಚಾಯ್ ಆ್ಯಂಡ್ ವೈ’ ಎಲ್ಲರಿಗೂ ತೆರೆದದ್ದು. ಪುಣೆಯ ಗೋಖಲೆ ಸಂಸ್ಥೆಯಲ್ಲಿ, ಐಸರ್‌ನಲ್ಲಿ ಸಾರ್ವಜನಿಕ ಉಪನ್ಯಾಸಗಳಿರುತ್ತವೆ. ಹೋಗುವ ಮುನ್ನ ಸಾರಾಂಶ ಓದಿ, ಒಂದು ಪ್ರಶ್ನೆ ಬರೆದುಕೊಳ್ಳಿ, ಉಪನ್ಯಾಸದ ನಂತರ ಚಹಾದ ಹೊತ್ತಿಗೆ ಅದನ್ನೇ ಕೇಳಿ. ಇಮೇಲ್‌ನ ಆ ಎರಡನೇ ಸಾಲು ಹುಟ್ಟುವುದು ಇಲ್ಲೇ. ಸ್ವಂತ ಕೆಲಸ ತೋರಿಸಬೇಕೆಂದರೆ ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ‘ಆವಿಷ್ಕಾರ್’ ಸ್ಪರ್ಧೆ ಇದೆ. ವಾಣಿಜ್ಯ, ಮಾನವಿಕ, ಭಾಷೆಗಳ ವಿಭಾಗವೂ ಇದೆ, ಬರೀ ವಿಜ್ಞಾನದವರಿಗಲ್ಲ. ಪೋಸ್ಟರ್‌ನಲ್ಲಿ ಎಲ್ಲರೂ ಮಾಡುವ ತಪ್ಪು, ವರದಿಯನ್ನೇ ತಂದು ಅಂಟಿಸುವುದು. 24 ಪಾಯಿಂಟ್‌ಗಿಂತ ಸಣ್ಣ ಅಕ್ಷರ ದೂರದಿಂದ ಓದುವುದು ಕಷ್ಟ. ಒಂದು ಪ್ರಶ್ನೆ, ಎರಡು ಗ್ರಾಫ್, ಒಂದು ಉತ್ತರ ಸಾಕು. ಹತ್ತು ನಿಮಿಷದ ಮಾತಿಗೆ ಎಂಟು ಸ್ಲೈಡ್ ಮೀರಬೇಡಿ. ತೀರ್ಪುಗಾರರು ಕೇಳುವ ಮೊದಲ ಪ್ರಶ್ನೆ ಬಹುತೇಕ ‘ಇಷ್ಟೇ ಸ್ಯಾಂಪಲ್ ಯಾಕೆ?’ ಎಂಬುದು, ಅದಕ್ಕೆ ಉತ್ತರ ಸಿದ್ಧವಿರಲಿ.

ಹಣ ಕಟ್ಟಿದರೆ ವಾರದಲ್ಲಿ ‘ಅಂತರರಾಷ್ಟ್ರೀಯ ಜರ್ನಲ್’ನಲ್ಲಿ ಪ್ರಕಟಿಸುವ ಹೋಟೆಲ್ ಸೆಮಿನಾರ್‌ಗಳಿಂದ ದೂರವಿರಿ. ಪರಾಮರ್ಶೆ ಮಾಡುವವರೇ ಇಲ್ಲದ ಕಡೆ ತಿದ್ದುವ ಮಾತೆಲ್ಲಿ? ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಎಂದು ಈಗಲೂ ಜಾಹೀರಾತು ಬರುತ್ತದೆ. ಒಳ್ಳೆಯ ಜರ್ನಲ್‌ಗಳನ್ನು ಗುರುತಿಸುತ್ತಿದ್ದ ಆ ಪಟ್ಟಿಯನ್ನೇ ಯುಜಿಸಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ.

ನಮ್ಮ ಸಂಘಗಳನ್ನೂ ಮರೆಯಬೇಡಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಪುಣೆಯ ಕನ್ನಡ ಸಂಘ, ಇಲ್ಲಿನ ಕಾರ್ಯಕ್ರಮಗಳಿಗೆ ಬರುವವರಲ್ಲಿ ಸಿಎಗಳು, ವಕೀಲರು, ಬ್ಯಾಂಕಿನವರು, ಇಂಜಿನಿಯರುಗಳು ಇರುತ್ತಾರೆ. ‘ಅಂಕಲ್, ಎಲ್ಲಾದರೂ ಕೆಲಸ ಕೊಡಿಸಿ’ ಎಂದರೆ ಅವರಿಗೂ ಸಂಕೋಚ. ‘ನಿಮ್ಮ ಆಫೀಸಿನಲ್ಲಿ ಇಂಟರ್ನ್ ಬಂದರೆ ಮೊದಲ ವಾರ ಏನು ಮಾಡಿಸ್ತೀರಿ? ಹದಿನೈದು ನಿಮಿಷ ಮಾತಾಡಬಹುದಾ?’ ಎಂದು ಕೇಳಿದರೆ ಸಂತೋಷದಿಂದ ಹೇಳುತ್ತಾರೆ, ಸರಿ ಕಂಡರೆ ತಾವೇ ಕರೆಯುತ್ತಾರೆ.

ಸೇರಿದ ಮೇಲೆ ಒಂದು ನೋಟ್‌ಬುಕ್ ಇಡಿ. ಪ್ರತಿ ಶುಕ್ರವಾರ ಅರ್ಧ ಪುಟ: ಈ ವಾರ ಏನು ಮಾಡಿದೆ, ಯಾರು ಏನು ತಿದ್ದಿದರು, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಮುಂದಿನ ವಾರ ಏನು. ಅದನ್ನೇ ಐದು ಸಾಲಿನ ಇಮೇಲ್ ಮಾಡಿ ಮೇಲ್ವಿಚಾರಕರಿಗೆ ಕಳಿಸಿ. ತಿದ್ದಲು ಪುರುಸೊತ್ತಿಲ್ಲದವರೂ ಐದು ಸಾಲಿಗೆ ಉತ್ತರ ಕೊಡುತ್ತಾರೆ. ಸತತ ಎರಡು ವಾರ ಮೂರನೇ ಪ್ರಶ್ನೆಗೆ ಒಂದೇ ಉತ್ತರ ಬಂದರೆ ಸುಮ್ಮನೆ ಕೂರದೆ ಕೇಳಬೇಕು. ಕಂಪನಿಯ ಡೇಟಾ, ಕ್ಲೈಂಟಿನ ಹೆಸರು ಈ ನೋಟ್‌ಬುಕ್‌ನಿಂದ ಲಿಂಕ್ಡ್‌ಇನ್‌ಗೆ ಹೋಗಬಾರದು. ಏನು ತೋರಿಸಬಹುದು ಎಂದು ಹೊರಡುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಹೆಣ್ಣುಮಕ್ಕಳಿಗೆ, ಅವರ ಹೆತ್ತವರಿಗೆ ಇದು ಗೊತ್ತಿರಲೇಬೇಕು: ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿ, ಅಪ್ರೆಂಟಿಸ್‌ಗಳಿಗೂ ಅನ್ವಯಿಸುತ್ತದೆ, ಸಂಬಳ ಇರಲಿ ಇಲ್ಲದಿರಲಿ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು, ದೂರು ಮೂರು ತಿಂಗಳೊಳಗೆ ಕೊಡಬೇಕು. ಸಮಿತಿಯ ಹೆಸರುಗಳು ಗೋಡೆಯ ಮೇಲೆ ಇವೆಯೇ ಎಂದು ಮೊದಲ ದಿನವೇ ನೋಡಿ. ಕಾಲೇಜಿನ ಸಂಯೋಜಕರ ನಂಬರ್ ಫೋನಿನಲ್ಲಿರಲಿ.

ಕೊನೆಯ ವಾರಕ್ಕೆ ಎರಡು ಕೆಲಸ ಉಳಿಸಿಕೊಳ್ಳಿ. ನೀವು ಮಾಡಿದ್ದನ್ನು ಮುಂದೆ ಬರುವವರು ಎತ್ತಿಕೊಳ್ಳುವಂತೆ ಎರಡು ಪುಟದ ಟಿಪ್ಪಣಿ: ಫೈಲು ಎಲ್ಲಿದೆ, ಯಾವುದು ಮುಗಿದಿದೆ, ಯಾವುದು ಬಾಕಿ. ಇನ್ನೊಂದು, ಶಿಫಾರಸು ಪತ್ರದ ಮಾತು. ‘ಮುಂದೆ ಬೇಕಾದಾಗ ಕೊಡ್ತೀರಾ?’ ಎಂದು ಎದುರಿಗೇ ಕೇಳಿ. ಬೇಕಾದಾಗ ಮೂರು ವಾರ ಮೊದಲು, ನಿಮ್ಮ ಶುಕ್ರವಾರದ ಪುಟಗಳಿಂದ ಆರಿಸಿದ ನಾಲ್ಕೈದು ಕೆಲಸಗಳ ಪಟ್ಟಿ, ಅರ್ಜಿಯ ಲಿಂಕ್, ಕೊನೆಯ ತಾರೀಖು ಮೂರನ್ನೂ ಒಂದೇ ಇಮೇಲ್‌ನಲ್ಲಿ ಕಳಿಸಿ. ಇಷ್ಟು ವಿವರ ಕೈಯಲ್ಲಿದ್ದರೆ ಅವರು ‘ಶ್ರದ್ಧೆಯ ವಿದ್ಯಾರ್ಥಿ’ ಎಂಬ ಒಂದು ಸಾಲಿಗೆ ನಿಲ್ಲುವುದಿಲ್ಲ, ನೀವು ಏನು ಮಾಡಿದಿರಿ ಎಂದು ಹೆಸರಿಟ್ಟು ಬರೆಯುತ್ತಾರೆ.